ಗೇಲಿಕ್ ಫುಟ್‌ಬಾಲ್ ಆಟಗಾರ ಡಿಕ್ ಫಿಟ್ಜ್‌ಜೆರಾಲ್ಡ್: ಜೀವನ ಮತ್ತು ಸಾಧನೆ

ಪೀಠಿಕೆ

ಐರ್ಲೆಂಡ್ ದೇಶದ ಸ್ವಂತ ಕ್ರೀಡೆಯಾದ ಗೇಲಿಕ್ ಫುಟ್‌ಬಾಲ್‌ನ ಇತಿಹಾಸದಲ್ಲಿ ರಿಚರ್ಡ್ ಫಿಟ್ಜ್‌ಜೆರಾಲ್ಡ್ ಅವರ ಹೆಸರು ಚಿರಸ್ಥಾಯಿಯಾಗಿದೆ. ಜನರು ಪ್ರೀತಿಯಿಂದ ಇವರನ್ನು ಡಿಕ್ ಅಥವಾ ಡಿಕೀನ್ ಎಂದು ಕರೆಯುತ್ತಿದ್ದರು. ಕೆರಿ ಜಿಲ್ಲೆಯ ಪರವಾಗಿ 5 ಬಾರಿ ಅಖಿಲ ಐರ್ಲೆಂಡ್ ಪ್ರಶಸ್ತಿ ಗಳಿಸಿದ ತಂಡಗಳಲ್ಲಿ ಇವರು ಆಡಿದ್ದು, ಅವುಗಳಲ್ಲಿ 2 ಬಾರಿ ತಂಡದ ನಾಯಕರಾಗಿದ್ದರು. ಈ ಕ್ರೀಡೆಯನ್ನು ಆಡುವ ವಿಧಾನವನ್ನು ಕುರಿತ ಮೊದಲ ಕೈಪಿಡಿಯನ್ನು ಬರೆದವರೂ ಇವರೇ ಆಗಿದ್ದಾರೆ.

ಆಟಗಾರನೊಬ್ಬ ಗಳಿಸಿದ ಅಂಕಗಳು ಆ ದಿನದ ಸಂತೋಷಕ್ಕೆ ಕಾರಣವಾಗುತ್ತವೆ. ಕಾಲಕ್ರಮೇಣ ಅವು ದಾಖಲೆ ಪುಸ್ತಕಗಳಲ್ಲಿ ಮಾತ್ರ ಉಳಿಯುತ್ತವೆ. ಆದರೆ ಫಿಟ್ಜ್‌ಜೆರಾಲ್ಡ್ ಅವರ ಆಟದಿಂದ ಒಂದು ಕ್ರೀಡೆಗೆ ಸ್ವಂತ ಮೈದಾನ ದೊರೆಯಲು ನೆರವಾಯಿತು, ಅವರ ಲೇಖನಿಯಿಂದ ಅದಕ್ಕೆ ಲಿಖಿತ ಪಾಠ ದೊರೆಯಿತು. ಹಣಕ್ಕಾಗಿ ಆಡದ ಒಬ್ಬ ಆಟಗಾರನಿಂದ ಸಾರ್ವಜನಿಕರಿಗೆ ಎಷ್ಟು ದೊಡ್ಡ ಆಸ್ತಿ ದೊರೆಯಬಹುದು ಎಂಬುದಕ್ಕೆ ಇವರ ಜೀವನವು ನಿದರ್ಶನವಾಗಿದೆ. ಈ ಹಿನ್ನೆಲೆಯಲ್ಲಿ ಅವರ ಸಂಕ್ಷಿಪ್ತ ಜೀವನ ಪರಿಚಯವನ್ನು ಸಾರ್ವಜನಿಕರ ಮಾಹಿತಿಗಾಗಿ ಇಲ್ಲಿ ನೀಡಲಾಗಿದೆ.

ಕ್ರೀಡೆಯ ಪರಿಚಯ

ಓದುಗರ ಅನುಕೂಲಕ್ಕಾಗಿ ಮೊದಲಿಗೆ ಈ ಕ್ರೀಡೆಯ ಬಗ್ಗೆ ಕೆಲವು ವಿಷಯಗಳನ್ನು ತಿಳಿಸುವುದು ಅವಶ್ಯಕವಾಗಿದೆ. ಗೇಲಿಕ್ ಫುಟ್‌ಬಾಲ್ ನಮಗೆ ಪರಿಚಿತವಾಗಿರುವ ಫುಟ್‌ಬಾಲ್‌ಗಿಂತ ಭಿನ್ನವಾದುದು. ಇಲ್ಲಿ ಚೆಂಡು ಗುಂಡಾಗಿದ್ದು, ಆಟಗಾರರು ಅದನ್ನು ಕೈಯಿಂದ ಹಿಡಿಯಬಹುದು, ಕಾಲಿನಿಂದ ಒದೆಯಬಹುದು ಹಾಗೂ ಮುಷ್ಟಿಯಿಂದ ಹೊಡೆದು ಜೊತೆ ಆಟಗಾರನಿಗೆ ತಲುಪಿಸಬಹುದು. ಚೆಂಡನ್ನು ಎಸೆಯುವಂತಿಲ್ಲ.

ಗೋಲುಕಂಬಗಳ ನಡುವೆ ಅಡ್ಡಪಟ್ಟಿಯ ಕೆಳಗೆ ಚೆಂಡನ್ನು ಹೊಡೆದರೆ ಅದು ಗೋಲು. ಅಡ್ಡಪಟ್ಟಿಯ ಮೇಲೆ ಹಾಯಿಸಿದರೆ ಅದು ಪಾಯಿಂಟ್. 1896ರಿಂದ 1 ಗೋಲಿಗೆ 3 ಪಾಯಿಂಟ್‌ಗಳ ಬೆಲೆಯನ್ನು ನಿಗದಿಪಡಿಸಲಾಗಿದೆ. ತಂಡದ ಗಳಿಕೆಯನ್ನು ಬರೆಯುವಾಗ ಗೋಲುಗಳನ್ನು ಮೊದಲು, ಪಾಯಿಂಟ್‌ಗಳನ್ನು ನಂತರ ನಮೂದಿಸುವುದು ರೂಢಿ. ಉದಾಹರಣೆಗೆ 2-4 ಎಂದರೆ 2 ಗೋಲು ಮತ್ತು 4 ಪಾಯಿಂಟ್, ಅಂದರೆ ಒಟ್ಟು 10. ಮುಂದೆ ಬರುವ ಪಂದ್ಯಗಳ ವಿವರವನ್ನು ಇದೇ ಕ್ರಮದಲ್ಲಿ ಓದಿಕೊಳ್ಳುವುದು.

ಈ ಕ್ರೀಡೆಯನ್ನು ನಡೆಸುವ ಗೇಲಿಕ್ ಅಥ್ಲೆಟಿಕ್ ಅಸೋಸಿಯೇಷನ್ 1884ರ ನವೆಂಬರ್ 1ರಂದು ಥರ್ಲ್ಸ್ ಪಟ್ಟಣದಲ್ಲಿ ಸ್ಥಾಪನೆಯಾಯಿತು. ಮೈಕೆಲ್ ಕ್ಯೂಸಾಕ್ ಹಾಗೂ ಮಾರಿಸ್ ಡೇವಿನ್ ಇದರ ಸ್ಥಾಪಕರಲ್ಲಿ ಪ್ರಮುಖರು. ಆರ್ಚ್‌ಬಿಷಪ್ ಥಾಮಸ್ ಕ್ರೋಕ್ ಅವರು ಸಂಘದ ಪ್ರಥಮ ಪೋಷಕರಾಗಿದ್ದರು. ಐರ್ಲೆಂಡ್ ಆಗ ಬ್ರಿಟಿಷ್ ಆಳ್ವಿಕೆಯಲ್ಲಿತ್ತು. ಆಳುವವರ ಆಟಗಳು ಹರಡಿ ನಾಡಿನ ಆಟಗಳು ಮರೆಯಾಗುತ್ತಿದ್ದ ಸಂದರ್ಭದಲ್ಲಿ ಅವುಗಳನ್ನು ಉಳಿಸಿ ಬೆಳೆಸುವುದು ಸಂಘದ ಉದ್ದೇಶವಾಗಿತ್ತು. ಆಟಗಾರರಿಗೆ ಸಂಬಳವಿರಲಿಲ್ಲ. ತಮ್ಮ ಊರಿನ ಕ್ಲಬ್ಬಿಗೆ, ತಮ್ಮ ಜಿಲ್ಲೆಗೆ ಆಡುವುದೇ ಅವರಿಗೆ ಗೌರವವಾಗಿತ್ತು. ಐರ್ಲೆಂಡಿನಲ್ಲಿ ಜಿಲ್ಲೆಗೆ ಕೌಂಟಿ ಎಂದು ಹೆಸರು. ಅಂತಹ 32 ಕೌಂಟಿಗಳಿವೆ.

ಬಾಲ್ಯ ಮತ್ತು ಕ್ರೀಡಾ ಪ್ರವೇಶ

ಫಿಟ್ಜ್‌ಜೆರಾಲ್ಡ್ ಅವರು 1880ರ ದಶಕದಲ್ಲಿ ಐರ್ಲೆಂಡಿನ ನೈಋತ್ಯ ಭಾಗದಲ್ಲಿರುವ ಕೆರಿ ಕೌಂಟಿಯ ಕಿಲ್ಲಾರ್ನಿ ಪಟ್ಟಣದಲ್ಲಿ, ವ್ಯಾಪಾರಸ್ಥರ ಕುಟುಂಬವೊಂದರಲ್ಲಿ ಜನಿಸಿದರು. ಸರೋವರಗಳು ಮತ್ತು ಬೆಟ್ಟಗಳ ನಡುವೆ ಇರುವ ಕಿಲ್ಲಾರ್ನಿಯು ಪ್ರವಾಸಿ ಸ್ಥಳವೆಂದು ಆ ಕಾಲದಲ್ಲಿಯೇ ಹೆಸರು ಪಡೆದಿತ್ತು. ಕ್ರೀಡಾ ಸಂಘದ ವಯಸ್ಸೂ ಅವರ ವಯಸ್ಸೂ ಹೆಚ್ಚು ಕಡಿಮೆ ಒಂದೇ. ಆದ್ದರಿಂದ ಈ ಆಟದ ನಿಯಮಗಳು ರೂಪುಗೊಳ್ಳುತ್ತಿದ್ದ ಕಾಲದಲ್ಲಿಯೇ ಅವರೂ ಬೆಳೆದರು.

ಕಿಲ್ಲಾರ್ನಿಯಲ್ಲಿ 1886ರಲ್ಲಿ ಸ್ಥಾಪಿತವಾದ ಡಾ. ಕ್ರೋಕ್ಸ್ ಕ್ಲಬ್ ಇತ್ತು. ಮೇಲೆ ತಿಳಿಸಿದ ಆರ್ಚ್‌ಬಿಷಪ್ ಕ್ರೋಕ್ ಅವರ ಹೆಸರನ್ನೇ ಈ ಕ್ಲಬ್ಬಿಗೆ ಇಡಲಾಗಿತ್ತು. ಫಿಟ್ಜ್‌ಜೆರಾಲ್ಡ್ ಅವರು ಈ ಕ್ಲಬ್ಬಿನ ಮೂಲಕವೇ ಆಟಕ್ಕೆ ಬಂದರು. ಆ ಕಾಲಕ್ಕೆ ಕೆರಿ ಕೌಂಟಿಯು ಒಮ್ಮೆಯೂ ಅಖಿಲ ಐರ್ಲೆಂಡ್ ಪ್ರಶಸ್ತಿ ಗಳಿಸಿರಲಿಲ್ಲ. 1892ನೇ ಸಾಲಿನ ಅಂತಿಮ ಪಂದ್ಯದಲ್ಲಿ ಡಬ್ಲಿನ್ ಎದುರು ಸೋತಿದ್ದೇ ಅದರ ಅತ್ಯುತ್ತಮ ಸಾಧನೆಯಾಗಿತ್ತು.

ಪ್ರಥಮ ಪ್ರಶಸ್ತಿ: ಕಿಲ್ಡೇರ್ ವಿರುದ್ಧದ 3 ಪಂದ್ಯಗಳು

1903ನೇ ಸಾಲಿನ ಸ್ಪರ್ಧೆಯು ಕೆರಿಯ ಇತಿಹಾಸವನ್ನು ಬದಲಿಸಿತು. ಆಗ ಸ್ಪರ್ಧೆಗಳು ನಿಗದಿತ ವರ್ಷದಲ್ಲಿ ಮುಗಿಯದೆ ಮುಂದಿನ ವರ್ಷಗಳಿಗೆ ಬಾಕಿ ಉಳಿಯುತ್ತಿದ್ದವು. ಈ ಕಾರಣದಿಂದ 1903ನೇ ಸಾಲಿನ ಅಂತಿಮ ಹಂತದ ಪಂದ್ಯಗಳು 1905ರಲ್ಲಿ ನಡೆದವು. ಎದುರಾಳಿ ಕಿಲ್ಡೇರ್ ಕೌಂಟಿಯ ತಂಡ.

ಮೊದಲ ಪಂದ್ಯವು 1905ರ ಜುಲೈ 23ರಂದು ಟಿಪ್ಪರರಿಯಲ್ಲಿ ನಡೆಯಿತು. ಜನಸಂದಣಿ ನಿರೀಕ್ಷೆ ಮೀರಿತ್ತು. ಕೊನೆಯ ಹಂತದಲ್ಲಿ ಕೆರಿಗೆ ದೊರೆತ ಗೋಲಿನ ಬಗ್ಗೆ ವಿವಾದ ಉಂಟಾಗಿ ಪ್ರೇಕ್ಷಕರು ಮೈದಾನಕ್ಕೆ ನುಗ್ಗಿದರು. ಕೆರಿಯ ಗಳಿಕೆ 1-4, ಕಿಲ್ಡೇರ್ ಗಳಿಕೆ 1-3 ಆಗಿದ್ದರೂ ಮರುಪಂದ್ಯಕ್ಕೆ ಆದೇಶವಾಯಿತು. ಆಗಸ್ಟ್ 27ರಂದು ಕಾರ್ಕ್ ನಗರದಲ್ಲಿ ನಡೆದ ಎರಡನೇ ಪಂದ್ಯದಲ್ಲಿ ಕೆರಿ 0-7, ಕಿಲ್ಡೇರ್ 1-4 ಗಳಿಸಿ ಸಮಬಲ ಸಾಧಿಸಿದವು. ಅಕ್ಟೋಬರ್ 15ರಂದು ಅದೇ ನಗರದಲ್ಲಿ ನಡೆದ ಮೂರನೇ ಪಂದ್ಯದಲ್ಲಿ ಕೆರಿಯು 0-8ಕ್ಕೆ 0-2ರಿಂದ ಜಯಗಳಿಸಿತು. ನಂತರ ನವೆಂಬರ್ 12ರಂದು ಲಂಡನ್ ನಗರದ ಐರಿಷ್ ತಂಡವನ್ನು 0-11ಕ್ಕೆ 0-3ರಿಂದ ಸೋಲಿಸಿ ಪ್ರಥಮ ಬಾರಿಗೆ ಪ್ರಶಸ್ತಿಯನ್ನು ಪಡೆಯಿತು.

ಸ್ಥಳೀಯ ಆಸಕ್ತಿಯ ಆಟವಾಗಿದ್ದ ಗೇಲಿಕ್ ಫುಟ್‌ಬಾಲ್ ಈ ಪಂದ್ಯಗಳ ನಂತರ ದೇಶದಾದ್ಯಂತ ಜನ ಚರ್ಚಿಸುವ ಆಟವಾಯಿತು ಎಂಬುದು ಇತಿಹಾಸಕಾರರ ಅಭಿಪ್ರಾಯವಾಗಿದೆ. ಯುವಕ ಫಿಟ್ಜ್‌ಜೆರಾಲ್ಡ್ ಅವರು ದೊಡ್ಡ ಪಂದ್ಯಗಳ ಅನುಭವ ಪಡೆದದ್ದು ಇಲ್ಲಿಯೇ. 1904ನೇ ಸಾಲಿನ ಅಂತಿಮ ಪಂದ್ಯದಲ್ಲಿ ಆಸ್ಟಿನ್ ಸ್ಟ್ಯಾಕ್ ಅವರ ನಾಯಕತ್ವದ ಕೆರಿ ತಂಡವು ಡಬ್ಲಿನ್ ತಂಡವನ್ನು 0-5ಕ್ಕೆ 0-2ರಿಂದ ಸೋಲಿಸಿತು. ಈ ಪಂದ್ಯ ನಡೆದದ್ದು 1906ರ ಜುಲೈ 1ರಂದು.

ಇದರ ನಂತರ ಸೋಲುಗಳೂ ಬಂದವು. 1905ನೇ ಸಾಲಿನಲ್ಲಿ ಕಿಲ್ಡೇರ್ ತನ್ನ ಸೋಲಿಗೆ ಪ್ರತ್ಯುತ್ತರ ನೀಡಿತು. 1908ನೇ ಸಾಲಿನಲ್ಲಿ ಡಬ್ಲಿನ್ ತಂಡವು ಕೆರಿಯನ್ನು ಭಾರಿ ಅಂತರದಿಂದ ಮಣಿಸಿತು. 1909ರ ಡಿಸೆಂಬರ್ 5ರಂದು ಲೌತ್ ಕೌಂಟಿಯ ತಂಡವನ್ನು 1-9ಕ್ಕೆ 0-6ರಿಂದ ಸೋಲಿಸುವ ಮೂಲಕ ಕೆರಿ ಮತ್ತೆ ಚಾಂಪಿಯನ್ ಆಯಿತು. ಇದು ಫಿಟ್ಜ್‌ಜೆರಾಲ್ಡ್ ಅವರ ಮೂರನೇ ಪದಕ.

ಆಟದ ವೈಶಿಷ್ಟ್ಯ

ಫಿಟ್ಜ್‌ಜೆರಾಲ್ಡ್ ಅವರು ಮುಂಚೂಣಿ ಆಟಗಾರರು. ಗುರಿಯಿಟ್ಟು ಒದೆಯುವುದರಲ್ಲಿ ಅವರಿಗಿದ್ದ ಹಿಡಿತವೇ ಅವರ ಹಿರಿಮೆಗೆ ಕಾರಣ. ಚೆಂಡನ್ನು ತಿರುವು ಕೊಟ್ಟು ಒದೆದು, ಅದು ಗಾಳಿಯಲ್ಲಿ ಬಾಗುತ್ತಾ ಹೋಗಿ ಗೋಲುಕಂಬಗಳ ನಡುವೆ ಇಳಿಯುವಂತೆ ಮಾಡುವುದು ಅವರ ವಿಶೇಷತೆಯಾಗಿತ್ತು. ಮೈದಾನದ ಮೂಲೆಯಿಂದ ಅಥವಾ ಪಕ್ಕದ ಗೆರೆಯ ಸಮೀಪದಿಂದ ಗೋಲುಕಂಬಗಳು ಬಹಳ ಕಿರಿದಾಗಿ ಕಾಣುತ್ತವೆ. ಅಂತಹ ಜಾಗದಿಂದ ನೇರವಾಗಿ ಒದೆದ ಚೆಂಡು ಒಳಗೆ ಹೋಗುವ ಸಾಧ್ಯತೆ ಕಡಿಮೆ; ಬಾಗಿ ಬರುವ ಚೆಂಡಿಗೆ ಮಾತ್ರ ಆ ಅವಕಾಶವಿದೆ. ಈ ಕಾರಣದಿಂದ ಇತರರು ಕೈಬಿಡುವ ಫ್ರೀ ಕಿಕ್‌ಗಳು ಇವರ ಪಾಲಿಗೆ ಗಳಿಕೆಯ ಅವಕಾಶಗಳಾಗಿದ್ದವು.

ಅವರ ಕಾಲದಲ್ಲಿಯೇ ಆಟದ ನಿಯಮಗಳಲ್ಲಿ ಎರಡು ಮುಖ್ಯ ಬದಲಾವಣೆಗಳಾದವು. ಮೊದಲು ಗೋಲಿನ ಎರಡೂ ಬದಿಗಳಲ್ಲಿ ಪಾಯಿಂಟ್‌ಗಾಗಿ ಪ್ರತ್ಯೇಕ ಕಂಬಗಳಿದ್ದವು. 1910ರಲ್ಲಿ ಅವುಗಳನ್ನು ತೆಗೆದು, ಅಡ್ಡಪಟ್ಟಿಯ ಮೇಲಕ್ಕೂ ಚಾಚಿದ ಎರಡೇ ಕಂಬಗಳ ವ್ಯವಸ್ಥೆಯನ್ನು ಜಾರಿಗೊಳಿಸಲಾಯಿತು. ಇದರಿಂದ ಪಾಯಿಂಟ್ ಗಳಿಸುವ ಜಾಗ ಕಿರಿದಾಗಿ, ಕರಾರುವಾಕ್ಕಾಗಿ ಒದೆಯುವವರ ಬೆಲೆ ಹೆಚ್ಚಿತು. ಎರಡನೆಯದಾಗಿ, 1913ರಲ್ಲಿ ತಂಡದ ಆಟಗಾರರ ಸಂಖ್ಯೆಯನ್ನು 17ರಿಂದ 15ಕ್ಕೆ ಇಳಿಸಲಾಯಿತು. ಮೈದಾನದಲ್ಲಿ ನೂಕುನುಗ್ಗಲು ಕಡಿಮೆಯಾಗಿ, ಯೋಚಿಸಿ ಆಡುವವರಿಗೆ ಸ್ಥಳಾವಕಾಶ ದೊರೆಯಿತು. ಈ ಎರಡೂ ಬದಲಾವಣೆಗಳು ಫಿಟ್ಜ್‌ಜೆರಾಲ್ಡ್ ಅವರ ಆಟದ ರೀತಿಗೆ ಹೊಂದುವಂತಿದ್ದವು.

ರೈಲ್ವೆ ವಿವಾದ ಮತ್ತು ಆಡದೆ ಉಳಿದ ಪಂದ್ಯ

1910ನೇ ಸಾಲಿನ ಅಂತಿಮ ಪಂದ್ಯಕ್ಕೆ ಕೆರಿ ಮತ್ತು ಲೌತ್ ತಂಡಗಳೇ ಅರ್ಹತೆ ಪಡೆದಿದ್ದವು. ಆಗ ಕೆರಿಯಿಂದ ಡಬ್ಲಿನ್‌ಗೆ ಹೋಗಲು ರೈಲು ಪ್ರಯಾಣವೇ ಮುಖ್ಯ ಸಾಧನವಾಗಿತ್ತು. ಆಟಗಾರರು ಮತ್ತು ಅವರೊಡನೆ ಹೋಗುವವರ ಪ್ರಯಾಣಕ್ಕೆ ಸಮರ್ಪಕ ವ್ಯವಸ್ಥೆ ಹಾಗೂ ರಿಯಾಯಿತಿ ದರದ ಟಿಕೆಟ್ ನೀಡುವ ವಿಷಯದಲ್ಲಿ ಗ್ರೇಟ್ ಸದರ್ನ್ ಅಂಡ್ ವೆಸ್ಟರ್ನ್ ರೈಲ್ವೆ ಕಂಪನಿಗೂ ಕೆರಿಯ ಕ್ರೀಡಾ ಆಡಳಿತಕ್ಕೂ ಒಪ್ಪಂದವಾಗಲಿಲ್ಲ. ಕೆರಿ ತಂಡವು ಪ್ರಯಾಣ ಮಾಡಲು ನಿರಾಕರಿಸಿತು. ಪಂದ್ಯವೇ ನಡೆಯದೆ ಪ್ರಶಸ್ತಿಯು ಲೌತ್ ತಂಡಕ್ಕೆ ಸಂದಿತು.

ಈ ನಿರ್ಧಾರದ ಬಗ್ಗೆ ಭಿನ್ನಾಭಿಪ್ರಾಯಗಳಿದ್ದವು. ಪ್ರಶಸ್ತಿಯೊಂದನ್ನು ಟಿಕೆಟ್ ದರಕ್ಕಾಗಿ ಬಿಟ್ಟುಕೊಡಬೇಕಾಗಿತ್ತೇ ಎಂಬ ಪ್ರಶ್ನೆ ಸಹಜವಾದುದೇ. ಆದರೆ ಈ ಆಟಗಳಿಂದಲೇ ರೈಲ್ವೆ ಕಂಪನಿಗಳಿಗೆ ಅಪಾರ ಪ್ರಯಾಣಿಕರು ದೊರೆಯುತ್ತಿದ್ದರು. ಆಟಗಾರರಿಗೆ ಮಾತ್ರ ಯಾವುದೇ ಸಂಭಾವನೆ ಇರಲಿಲ್ಲ ಎಂಬುದನ್ನು ಗಮನಿಸಬೇಕಾಗುತ್ತದೆ. ಫಿಟ್ಜ್‌ಜೆರಾಲ್ಡ್ ಅವರ ಪಾಲಿಗೆ ಇದು ಮತ್ತೊಂದು ಪದಕದ ಅವಕಾಶ ಕೈತಪ್ಪಿದ ವರ್ಷ. 1912ನೇ ಸಾಲಿನಲ್ಲಿ ಆಂಟ್ರಿಮ್ ತಂಡದ ಎದುರು ಸೆಮಿಫೈನಲ್‌ನಲ್ಲಿಯೇ ಕೆರಿ ಸೋತಿತು. ಆ ವರ್ಷದ ಪ್ರಶಸ್ತಿಯೂ ಲೌತ್ ತಂಡದ ಪಾಲಾಯಿತು. ಹೀಗಾಗಿ ಈ ಎರಡು ಕೌಂಟಿಗಳಲ್ಲಿ ಯಾವುದು ಶ್ರೇಷ್ಠ ಎಂಬ ಪ್ರಶ್ನೆ ಉತ್ತರವಿಲ್ಲದೆ ಉಳಿಯಿತು.

ಕ್ರೋಕ್ ಸ್ಮಾರಕ ಪಂದ್ಯಾವಳಿ

ಆ ಉತ್ತರವು 1913ರಲ್ಲಿ ದೊರೆಯಿತು. 1902ರಲ್ಲಿ ನಿಧನರಾದ ಆರ್ಚ್‌ಬಿಷಪ್ ಕ್ರೋಕ್ ಅವರ ಸ್ಮಾರಕಕ್ಕಾಗಿ ನಿಧಿ ಸಂಗ್ರಹಿಸಲು ಸಂಘವು ವಿಶೇಷ ಪಂದ್ಯಾವಳಿಯನ್ನು ಏರ್ಪಡಿಸಿತು. ಅಂತಿಮ ಪಂದ್ಯಕ್ಕೆ ಬಂದ ತಂಡಗಳು ಕೆರಿ ಮತ್ತು ಲೌತ್. ಕೆರಿ ತಂಡದ ನಾಯಕತ್ವವನ್ನು ಫಿಟ್ಜ್‌ಜೆರಾಲ್ಡ್ ವಹಿಸಿದ್ದರು.

1913ರ ಮೇ 4ರಂದು ಡಬ್ಲಿನ್‌ನ ಜೋನ್ಸ್ ರಸ್ತೆಯ ಮೈದಾನದಲ್ಲಿ ನಡೆದ ಪಂದ್ಯದಲ್ಲಿ ಕೆರಿ 0-4, ಲೌತ್ 1-1 ಗಳಿಸಿ ಸಮಬಲವಾಯಿತು. ಮರುಪಂದ್ಯಕ್ಕೆ ಎರಡೂ ಕಡೆಗಳಲ್ಲಿ ಹಿಂದೆಂದೂ ಕಾಣದ ಸಿದ್ಧತೆ ನಡೆಯಿತು. ಲೌತ್ ತಂಡವು ಬೆಲ್‌ಫಾಸ್ಟ್‌ನ ಫುಟ್‌ಬಾಲ್ ತರಬೇತುದಾರರ ನೆರವು ಪಡೆಯಿತು. ಕೆರಿಯ ಆಟಗಾರರು ಸಾರ್ವಜನಿಕರು ನೀಡಿದ ವಂತಿಗೆಯ ನೆರವಿನಿಂದ ಒಟ್ಟಾಗಿ ಸೇರಿ ಅಭ್ಯಾಸ ನಡೆಸಿದರು. ಜೂನ್ 29ರಂದು ನಡೆದ ಮರುಪಂದ್ಯವನ್ನು ನೋಡಲು ವಿಶೇಷ ರೈಲುಗಳಲ್ಲಿ ಜನ ಬಂದರು. ಸುಮಾರು 35,000 ಪ್ರೇಕ್ಷಕರು ಸೇರಿದ್ದರೆಂದು ಅಂದಾಜು. ಈ ಕ್ರೀಡೆಯ ಯಾವುದೇ ಪಂದ್ಯಕ್ಕೆ ಅಲ್ಲಿಯವರೆಗೆ ಅಷ್ಟು ಜನ ಸೇರಿರಲಿಲ್ಲ. ಕೆರಿಯು 2-4ಕ್ಕೆ 0-5ರಿಂದ ಜಯಶಾಲಿಯಾಯಿತು.

ಈ ಪಂದ್ಯಾವಳಿಯ ಜಮಾ-ಖರ್ಚಿನ ವಿವರವು ಪಂದ್ಯದಷ್ಟೇ ಮಹತ್ವದ್ದು. ಖರ್ಚು ಕಳೆದು ಸಂಘಕ್ಕೆ 1,800 ಪೌಂಡ್‌ಗಳಿಗೂ ಹೆಚ್ಚು ಉಳಿತಾಯವಾಯಿತು. ಜೋನ್ಸ್ ರಸ್ತೆಯ ಮೈದಾನವು ಆಗ ಸಂಘದ ಸ್ವತ್ತಾಗಿರಲಿಲ್ಲ. ಸಂಘದ ಹಿರಿಯರಾದ ಫ್ರಾಂಕ್ ಡಿನೀನ್ ಅವರು 1908ರಲ್ಲಿ ಅದನ್ನು ಸ್ವಂತ ಹಣದಿಂದ ಖರೀದಿಸಿ, ಆಟಗಳಿಗಾಗಿ ಕಾಯ್ದಿರಿಸಿದ್ದರು. 1913ರ ಕೊನೆಯಲ್ಲಿ ಸಂಘವು ಅದನ್ನು 3,500 ಪೌಂಡ್‌ಗಳಿಗೆ ಅವರಿಂದ ಖರೀದಿಸಿತು. ಪಂದ್ಯಾವಳಿಯ ಹಣವೇ ಈ ಖರೀದಿಗೆ ಧೈರ್ಯ ನೀಡಿತು. ಮೈದಾನಕ್ಕೆ ಕ್ರೋಕ್ ಪಾರ್ಕ್ ಎಂದು ಹೆಸರಿಡಲಾಯಿತು. ಇಂದು 82,000ಕ್ಕೂ ಹೆಚ್ಚು ಪ್ರೇಕ್ಷಕರ ಸಾಮರ್ಥ್ಯವಿರುವ ಈ ಕ್ರೀಡಾಂಗಣವು ಐರ್ಲೆಂಡಿನಲ್ಲಿಯೇ ಅತಿ ದೊಡ್ಡದು. ಟಿಕೆಟ್ ಪಡೆದು ಒಳಬಂದ ಸಾಮಾನ್ಯ ಜನರ ಸಣ್ಣ ಮೊತ್ತಗಳು ಸೇರಿ ಇಂತಹ ಆಸ್ತಿಗೆ ಬುನಾದಿಯಾಯಿತು.

ಎರಡು ವರ್ಷಗಳ ನಾಯಕತ್ವ

ಕೆರಿಯಲ್ಲಿ ಕೌಂಟಿ ಮಟ್ಟದ ಚಾಂಪಿಯನ್ ಕ್ಲಬ್ಬಿಗೆ ಕೌಂಟಿ ತಂಡದ ನಾಯಕನನ್ನು ಸೂಚಿಸುವ ಹಕ್ಕಿರುವುದು ರೂಢಿ. 1912ರಿಂದ 1914ರವರೆಗೆ ಡಾ. ಕ್ರೋಕ್ಸ್ ಕ್ಲಬ್ ಸತತ 3 ವರ್ಷ ಕೆರಿಯ ಚಾಂಪಿಯನ್ ಆಗಿತ್ತು. ಹೀಗೆ ಕಿಲ್ಲಾರ್ನಿಯ ಫಿಟ್ಜ್‌ಜೆರಾಲ್ಡ್ ಅವರಿಗೆ ನಾಯಕತ್ವ ಒದಗಿತು.

1913ರ ಡಿಸೆಂಬರ್ 14ರಂದು ನಡೆದ ಅಖಿಲ ಐರ್ಲೆಂಡ್ ಅಂತಿಮ ಪಂದ್ಯದಲ್ಲಿ ಕೆರಿಯು ವೆಕ್ಸ್‌ಫರ್ಡ್ ತಂಡವನ್ನು 2-2ಕ್ಕೆ 0-3ರಿಂದ ಸೋಲಿಸಿತು. 15 ಆಟಗಾರರ ನಿಯಮದಡಿ ಪ್ರಶಸ್ತಿ ಗಳಿಸಿದ ಮೊದಲ ನಾಯಕ ಎಂಬ ಗೌರವ ಫಿಟ್ಜ್‌ಜೆರಾಲ್ಡ್ ಅವರದಾಯಿತು. 1914ರ ನವೆಂಬರ್ 1ರಂದು ಅದೇ ತಂಡಗಳು ಮತ್ತೆ ಎದುರಾದಾಗ ಕೆರಿ 1-3, ವೆಕ್ಸ್‌ಫರ್ಡ್ 0-6 ಗಳಿಸಿ ಪಂದ್ಯ ಸಮಬಲವಾಯಿತು. ನವೆಂಬರ್ 29ರ ಮರುಪಂದ್ಯದಲ್ಲಿ ಕೆರಿ 2-3ಕ್ಕೆ 0-6ರಿಂದ ಗೆದ್ದಿತು. ಸತತ ಎರಡು ವರ್ಷ ಪ್ರಶಸ್ತಿ ಗಳಿಸಿಕೊಟ್ಟ ಕೆರಿಯ ಮೊದಲ ನಾಯಕರು ಇವರೇ.

ಈ ಅಂಕಿ-ಅಂಶಗಳನ್ನು ಪರಿಶೀಲಿಸಿದಲ್ಲಿ ಒಂದು ವಿಷಯ ಸ್ಪಷ್ಟವಾಗುತ್ತದೆ. ಕ್ರೋಕ್ ಸ್ಮಾರಕ ಮರುಪಂದ್ಯದಲ್ಲಿ ಪಾಯಿಂಟ್‌ಗಳು ಕೆರಿಗೆ 4, ಲೌತ್‌ಗೆ 5. 1913ರ ಅಂತಿಮ ಪಂದ್ಯದಲ್ಲಿ ಕೆರಿಗೆ 2, ವೆಕ್ಸ್‌ಫರ್ಡ್‌ಗೆ 3. 1914ರ ಮರುಪಂದ್ಯದಲ್ಲಿ ಕೆರಿಗೆ 3, ವೆಕ್ಸ್‌ಫರ್ಡ್‌ಗೆ 6. ಮೂರು ಪಂದ್ಯಗಳಲ್ಲಿಯೂ ಪಾಯಿಂಟ್‌ಗಳಲ್ಲಿ ಎದುರಾಳಿಯೇ ಮುಂದಿದ್ದರು. ಆದರೆ ಪ್ರತಿ ಬಾರಿಯೂ ಕೆರಿ 2 ಗೋಲು ಗಳಿಸಿತು. ಎದುರಾಳಿಗೆ ಒಂದು ಗೋಲನ್ನೂ ಬಿಟ್ಟುಕೊಡಲಿಲ್ಲ. ಒಂದು ಗೋಲಿನಿಂದ ಪಂದ್ಯದ ದಿಕ್ಕೇ ಬದಲಾಗುತ್ತಿದ್ದ ಆ ಕಾಲದಲ್ಲಿ ಫಿಟ್ಜ್‌ಜೆರಾಲ್ಡ್ ಅವರ ತಂಡವು ತಾಳ್ಮೆಯಿಂದ ಗೋಲಿನ ಅವಕಾಶಕ್ಕಾಗಿ ಕಾಯುವುದನ್ನು ಹಾಗೂ ತನ್ನ ಗೋಲನ್ನು ಕಾಯ್ದುಕೊಳ್ಳುವುದನ್ನು ಕರಗತ ಮಾಡಿಕೊಂಡಿತ್ತು.

1915ರ ಅಂತಿಮ ಪಂದ್ಯದಲ್ಲಿ ಇದೇ ವೆಕ್ಸ್‌ಫರ್ಡ್ ತಂಡವು ಕೆರಿಯನ್ನು 2-4ಕ್ಕೆ 2-1ರಿಂದ ಸೋಲಿಸಿತು. ಈ ಬಾರಿ ಗೋಲುಗಳು ಸಮವಾಗಿದ್ದು, ಪಾಯಿಂಟ್‌ಗಳೇ ಫಲಿತಾಂಶವನ್ನು ನಿರ್ಧರಿಸಿದವು. ವೆಕ್ಸ್‌ಫರ್ಡ್ 1918ರವರೆಗೆ ಸತತ 4 ವರ್ಷ ಪ್ರಶಸ್ತಿಯನ್ನು ತನ್ನಲ್ಲಿಯೇ ಉಳಿಸಿಕೊಂಡಿತು.

ಕೈಪಿಡಿಯ ರಚನೆ

1914ರಲ್ಲಿ ಫಿಟ್ಜ್‌ಜೆರಾಲ್ಡ್ ಅವರು ಗೇಲಿಕ್ ಫುಟ್‌ಬಾಲ್ ಆಡುವುದು ಹೇಗೆ ಎಂಬುದನ್ನು ಕುರಿತು ಪುಸ್ತಕವೊಂದನ್ನು ಪ್ರಕಟಿಸಿದರು. ಗೇಲಿಕ್ ಕ್ರೀಡೆಗಳಲ್ಲಿ ತರಬೇತಿಗೆ ಸಂಬಂಧಿಸಿದಂತೆ ಇದೇ ಮೊದಲ ಪುಸ್ತಕವೆಂದು ಪರಿಗಣಿಸಲಾಗಿದೆ. ಅಲ್ಲಿಯವರೆಗೆ ಆಟದ ಕೌಶಲವು ಹಿರಿಯರನ್ನು ನೋಡಿ ಕಿರಿಯರು ಕಲಿಯುವ ವಿದ್ಯೆಯಾಗಿತ್ತು. ಒಳ್ಳೆಯ ಆಟಗಾರರಿರುವ ಊರಿನ ಹುಡುಗರಿಗೆ ಅದು ಸಿಗುತ್ತಿತ್ತು, ಉಳಿದವರಿಗೆ ಸಿಗುತ್ತಿರಲಿಲ್ಲ.

ಮೈದಾನದ ಒಂದೊಂದು ಸ್ಥಾನದಲ್ಲಿ ನಿಲ್ಲುವವರ ಕರ್ತವ್ಯವೇನು, ಚೆಂಡನ್ನು ಹೇಗೆ ಹಿಡಿಯಬೇಕು ಮತ್ತು ಒದೆಯಬೇಕು, ತಂಡವು ಹೊಂದಾಣಿಕೆಯಿಂದ ಹೇಗೆ ಆಡಬೇಕು ಮುಂತಾದ ವಿಷಯಗಳನ್ನು ಅವರು ಕ್ರಮಬದ್ಧವಾಗಿ ವಿವರಿಸಿದರು. ಬಲಪ್ರಯೋಗಕ್ಕಿಂತ ಬುದ್ಧಿಶಕ್ತಿಗೆ ಪ್ರಾಧಾನ್ಯ ನೀಡಿದರು. ಇನ್ನೂ ಆಡುತ್ತಿದ್ದ ಆಟಗಾರನೊಬ್ಬ ತನ್ನ ವಿದ್ಯೆಯನ್ನು ಎದುರಾಳಿಗಳೂ ಓದಬಹುದಾದ ಪುಸ್ತಕದಲ್ಲಿ ಬಿಚ್ಚಿಟ್ಟದ್ದು ಸಾಮಾನ್ಯ ಸಂಗತಿಯಲ್ಲ. ತನ್ನ ತಂಡದ ಗೆಲುವಿಗಿಂತ ಆಟದ ಬೆಳವಣಿಗೆ ದೊಡ್ಡದು ಎಂಬ ಭಾವನೆ ಇದರಲ್ಲಿ ವ್ಯಕ್ತವಾಗುತ್ತದೆ.

ಬಂಧನ ಮತ್ತು ಶಿಬಿರದ ಪಂದ್ಯ

ಫಿಟ್ಜ್‌ಜೆರಾಲ್ಡ್ ಅವರು ಐರ್ಲೆಂಡಿನ ಸ್ವಾತಂತ್ರ್ಯಕ್ಕಾಗಿ ಸಂಘಟಿತವಾಗಿದ್ದ ಐರಿಷ್ ಸ್ವಯಂಸೇವಕ ದಳದಲ್ಲಿಯೂ ಸಕ್ರಿಯರಾಗಿದ್ದರು. 1916ರ ಏಪ್ರಿಲ್ 24ರಂದು ಡಬ್ಲಿನ್‌ನಲ್ಲಿ ಈಸ್ಟರ್ ದಂಗೆ ಆರಂಭವಾಯಿತು. ಕೆರಿಯಲ್ಲಿ ದೊಡ್ಡ ಪ್ರಮಾಣದ ಹೋರಾಟ ನಡೆಯಲಿಲ್ಲ. ಆದರೂ ದಂಗೆಯನ್ನು ಹತ್ತಿಕ್ಕಿದ ನಂತರ ದೇಶದಾದ್ಯಂತ ಸ್ವಯಂಸೇವಕರನ್ನು ಬಂಧಿಸಲಾಯಿತು. ಫಿಟ್ಜ್‌ಜೆರಾಲ್ಡ್ ಅವರನ್ನೂ ಬಂಧಿಸಿ ವೇಲ್ಸ್ ಪ್ರಾಂತ್ಯದ ಫ್ರಾಂಗಾಕ್ ಎಂಬಲ್ಲಿನ ಶಿಬಿರದಲ್ಲಿ ಇರಿಸಲಾಯಿತು.

ಫ್ರಾಂಗಾಕ್ ಶಿಬಿರವು ಮೊದಲು ವಿಸ್ಕಿ ತಯಾರಿಸುವ ಕಾರ್ಖಾನೆಯಾಗಿದ್ದು, ನಂತರ ಜರ್ಮನ್ ಯುದ್ಧ ಕೈದಿಗಳನ್ನು ಇರಿಸಲು ಬಳಕೆಯಾಗಿತ್ತು. ಸುಮಾರು 1,800 ಐರಿಷ್ ಬಂಧಿತರು ವಿಚಾರಣೆಯಿಲ್ಲದೆ ಅಲ್ಲಿದ್ದರು. ಮುಂದೆ ಐರ್ಲೆಂಡಿನ ಸ್ವಾತಂತ್ರ್ಯ ಹೋರಾಟವನ್ನು ಮುನ್ನಡೆಸಿದ ಮೈಕೆಲ್ ಕಾಲಿನ್ಸ್ ಅವರೂ ಇವರಲ್ಲಿ ಒಬ್ಬರು. ಬಂಧಿತರು ಅಲ್ಲಿ ಐರಿಷ್ ಭಾಷೆ ಕಲಿತರು, ಕವಾಯತು ನಡೆಸಿದರು ಮತ್ತು ಆಟವಾಡಿದರು. ತಾವು ಆಡುತ್ತಿದ್ದ ಜಾಗಕ್ಕೆ ಅವರು ಕ್ರೋಕ್ ಪಾರ್ಕ್ ಎಂದೇ ಹೆಸರಿಟ್ಟರು.

ಶಿಬಿರದಲ್ಲಿ ಕೌಂಟಿವಾರು ತಂಡಗಳನ್ನು ರಚಿಸಿ, ಐರಿಷ್ ದೇಶಭಕ್ತ ವೂಲ್ಫ್ ಟೋನ್ ಅವರ ಹೆಸರಿನಲ್ಲಿ ಪಂದ್ಯಾವಳಿ ನಡೆಸಲಾಯಿತು. ಅಂತಿಮ ಪಂದ್ಯಕ್ಕೆ ಬಂದ ತಂಡಗಳು ಮತ್ತೆ ಕೆರಿ ಮತ್ತು ಲೌತ್. ಕೆರಿಯ ನಾಯಕರು ಮತ್ತೆ ಫಿಟ್ಜ್‌ಜೆರಾಲ್ಡ್. ಕೆರಿ 1 ಪಾಯಿಂಟ್ ಅಂತರದಿಂದ ಜಯಗಳಿಸಿತು. 3 ವರ್ಷಗಳ ಹಿಂದೆ 35,000 ಜನರ ಎದುರು ನಡೆದ ಸ್ಪರ್ಧೆಯು ಕಾವಲುಗಾರರ ಕಣ್ಗಾವಲಿನಲ್ಲಿ ಪುನಃ ನಡೆಯಿತು. ಅಲ್ಲಿ ಪದಕವಿರಲಿಲ್ಲ, ಊರಿನ ಜನರಿರಲಿಲ್ಲ. ಆದರೂ ನಿಯಮಬದ್ಧವಾಗಿ ಪಂದ್ಯ ನಡೆಸಿ, ಬಂಧಿತರು ತಮ್ಮ ಶಿಸ್ತನ್ನು ಮತ್ತು ಸ್ವಾಭಿಮಾನವನ್ನು ಕಾಪಾಡಿಕೊಂಡರು.

ನಂತರದ ವರ್ಷಗಳು ಮತ್ತು ನಿಧನ

ಬಿಡುಗಡೆಯಾದ ನಂತರ ಫಿಟ್ಜ್‌ಜೆರಾಲ್ಡ್ ಅವರು ಕಿಲ್ಲಾರ್ನಿಗೆ ಹಿಂತಿರುಗಿ, ಕ್ಲಬ್ ಹಾಗೂ ಕೌಂಟಿ ಮಟ್ಟದಲ್ಲಿ ಕ್ರೀಡೆಯ ಸಂಘಟನೆಗೆ ತಮ್ಮನ್ನು ತೊಡಗಿಸಿಕೊಂಡರು. ಪಟ್ಟಣ ಸಭೆಯ ಸದಸ್ಯರಾಗಿಯೂ ಸೇವೆ ಸಲ್ಲಿಸಿದರು.

ಅವು ಐರ್ಲೆಂಡಿಗೆ ಕಷ್ಟದ ವರ್ಷಗಳು. 1920ರ ನವೆಂಬರ್ 21ರಂದು ಕ್ರೋಕ್ ಪಾರ್ಕ್‌ನಲ್ಲಿ ಪಂದ್ಯ ನಡೆಯುತ್ತಿದ್ದಾಗ ಬ್ರಿಟಿಷ್ ಪಡೆಗಳು ಗುಂಡು ಹಾರಿಸಿ, ಟಿಪ್ಪರರಿಯ ಆಟಗಾರ ಮೈಕೆಲ್ ಹೋಗನ್ ಸೇರಿದಂತೆ 14 ಜನ ಪ್ರಾಣ ಕಳೆದುಕೊಂಡರು. 1922-23ರ ಅಂತರ್ಯುದ್ಧದಲ್ಲಿ ಕೆರಿಯು ಅತಿ ಹೆಚ್ಚು ನೋವು ಅನುಭವಿಸಿದ ಕೌಂಟಿಗಳಲ್ಲಿ ಒಂದಾಗಿತ್ತು. ಅದಾದ ಕೆಲವೇ ಸಮಯದಲ್ಲಿ, ಪರಸ್ಪರ ವಿರೋಧಿ ಬಣಗಳಲ್ಲಿದ್ದವರು ಒಂದೇ ಸಮವಸ್ತ್ರ ಧರಿಸಿ ಕೆರಿಯ ಪರವಾಗಿ ಆಡಿ 1924ನೇ ಸಾಲಿನ ಪ್ರಶಸ್ತಿಯನ್ನು ಗೆದ್ದರು. ಹಿಂದಿನ ಪೀಳಿಗೆ ಕಟ್ಟಿದ್ದ ಆಟದ ಪರಂಪರೆಯು ಒಡೆದ ಮನಸ್ಸುಗಳನ್ನು ಒಂದೆಡೆ ಸೇರಿಸಲು ನೆರವಾಯಿತು.

1930ರಲ್ಲಿ ಕೆರಿ ಮತ್ತೆ ಅಖಿಲ ಐರ್ಲೆಂಡ್ ಅಂತಿಮ ಪಂದ್ಯ ತಲುಪಿತು. ಎದುರಾಳಿ ಮೊನಹನ್ ತಂಡ; ಪಂದ್ಯದ ದಿನ ಸೆಪ್ಟೆಂಬರ್ 28. ಅದಕ್ಕೆ ಎರಡು ದಿನ ಮೊದಲು, ಸೆಪ್ಟೆಂಬರ್ 26ರಂದು, ಫಿಟ್ಜ್‌ಜೆರಾಲ್ಡ್ ಅವರು ಕಿಲ್ಲಾರ್ನಿಯ ನ್ಯಾಯಾಲಯ ಕಟ್ಟಡದ ಛಾವಣಿಯಿಂದ ಬಿದ್ದು ನಿಧನರಾದರು. ಈ ಸುದ್ದಿಯು ಇಡೀ ಕೌಂಟಿಯನ್ನು ಶೋಕದಲ್ಲಿ ಮುಳುಗಿಸಿತು. ದುಃಖದ ನಡುವೆಯೂ ಕೆರಿ ತಂಡವು ಕ್ರೋಕ್ ಪಾರ್ಕ್‌ನಲ್ಲಿ ಆಡಿ 3-11ಕ್ಕೆ 0-2ರಿಂದ ಜಯಗಳಿಸಿತು. ಫಿಟ್ಜ್‌ಜೆರಾಲ್ಡ್ ಅವರ ನಾಯಕತ್ವದ ಪಂದ್ಯಗಳ ಹಣದಿಂದ ಸಂಘದ ಕೈಸೇರಿದ ಮೈದಾನದಲ್ಲಿಯೇ ಈ ಗೆಲುವು ದೊರೆಯಿತು.

ಫಿಟ್ಜ್‌ಜೆರಾಲ್ಡ್ ಕ್ರೀಡಾಂಗಣ

ಅವರ ಸ್ಮರಣಾರ್ಥ ಕಿಲ್ಲಾರ್ನಿಯಲ್ಲಿ ಕ್ರೀಡಾಂಗಣ ನಿರ್ಮಿಸಲು ಊರಿನವರು ನಿರ್ಧರಿಸಿದರು. ಈ ಕಾರ್ಯದಲ್ಲಿ ಮುಂದಾಳತ್ವ ವಹಿಸಿದವರಲ್ಲಿ ಡಾ. ಈಮನ್ ಓಸಲಿವನ್ ಪ್ರಮುಖರು. ಇವರು ಕಿಲ್ಲಾರ್ನಿಯ ಮಾನಸಿಕ ಆಸ್ಪತ್ರೆಯ ವೈದ್ಯರು ಹಾಗೂ ಕೆರಿ ತಂಡದ ತರಬೇತುದಾರರು. ಕೆಲಸದಲ್ಲಿ ತೊಡಗಿಸುವುದರಿಂದ ಮಾನಸಿಕ ರೋಗಿಗಳ ಆರೋಗ್ಯ ಸುಧಾರಿಸುತ್ತದೆ ಎಂದು ಅವರು ನಂಬಿದ್ದರು. ನೆಲ ಸಮತಟ್ಟು ಮಾಡುವುದೂ ಸೇರಿದಂತೆ ಮೈದಾನದ ಕೆಲಸದಲ್ಲಿ ಆಸ್ಪತ್ರೆಯ ರೋಗಿಗಳು ಪಾಲ್ಗೊಂಡರು. ಸಮಾಜವು ದೂರವಿಟ್ಟಿದ್ದ ಜನರ ಶ್ರಮವೂ ಸೇರಿ ಈ ಮೈದಾನ ಸಿದ್ಧವಾಯಿತು ಎಂಬುದನ್ನು ಮರೆಯುವಂತಿಲ್ಲ.

1936ರ ಮೇ 31ರಂದು ಫಿಟ್ಜ್‌ಜೆರಾಲ್ಡ್ ಕ್ರೀಡಾಂಗಣವು ಉದ್ಘಾಟನೆಯಾಯಿತು. ಮರುವರ್ಷವೇ ಅದಕ್ಕೆ ವಿಶೇಷ ಗೌರವ ಒದಗಿತು. ಕ್ರೋಕ್ ಪಾರ್ಕ್‌ನಲ್ಲಿ ಹೊಸ ಪ್ರೇಕ್ಷಕರ ಗ್ಯಾಲರಿಯ ನಿರ್ಮಾಣ ನಡೆಯುತ್ತಿದ್ದುದರಿಂದ 1937ರ ಅಖಿಲ ಐರ್ಲೆಂಡ್ ಹರ್ಲಿಂಗ್ ಅಂತಿಮ ಪಂದ್ಯವನ್ನು ಇಲ್ಲಿ ನಡೆಸಲಾಯಿತು. ಹರ್ಲಿಂಗ್ ಎಂಬುದು ಕೋಲು ಮತ್ತು ಚೆಂಡಿನಿಂದ ಆಡುವ, ಇದೇ ಸಂಘದ ಮತ್ತೊಂದು ಕ್ರೀಡೆ. ಕೆರಿ ಮತ್ತು ಕಾರ್ಕ್ ತಂಡಗಳ ನಡುವಿನ ಅನೇಕ ಮಹತ್ವದ ಪಂದ್ಯಗಳು ಈ ಕ್ರೀಡಾಂಗಣದಲ್ಲಿ ನಡೆದಿವೆ.

ಡಾ. ಓಸಲಿವನ್ ಅವರ ತರಬೇತಿಯಲ್ಲಿ ಕೆರಿಯು 1924ರಿಂದ 1962ರವರೆಗಿನ ಅವಧಿಯಲ್ಲಿ 8 ಪ್ರಶಸ್ತಿಗಳನ್ನು ಗಳಿಸಿತು. 1958ರಲ್ಲಿ ಅವರೂ ಗೇಲಿಕ್ ಫುಟ್‌ಬಾಲ್ ಕುರಿತು ಗ್ರಂಥವೊಂದನ್ನು ಪ್ರಕಟಿಸಿದರು. ಫಿಟ್ಜ್‌ಜೆರಾಲ್ಡ್ ಅವರು 1914ರಲ್ಲಿ ಆರಂಭಿಸಿದ ಕಾರ್ಯವನ್ನು ಅವರ ಹೆಸರಿನ ಮೈದಾನಕ್ಕಾಗಿ ದುಡಿದವರೇ ಮುಂದುವರಿಸಿದರು ಎಂಬುದು ಔಚಿತ್ಯಪೂರ್ಣ ಸಂಗತಿ.

ಉಪಸಂಹಾರ

1905ರಲ್ಲಿ ಮೊದಲ ಪ್ರಶಸ್ತಿಗಾಗಿ 3 ಬಾರಿ ಕಿಲ್ಡೇರ್ ಎದುರು ಆಡಬೇಕಾಗಿದ್ದ ಕೆರಿಯು 2025ರ ವೇಳೆಗೆ 39 ಬಾರಿ ಅಖಿಲ ಐರ್ಲೆಂಡ್ ಫುಟ್‌ಬಾಲ್ ಪ್ರಶಸ್ತಿ ಗಳಿಸಿದೆ. ಇದು ಯಾವುದೇ ಕೌಂಟಿಯ ಸಾಧನೆಗಿಂತ ಹೆಚ್ಚು. ಆ ಪಟ್ಟಿಯಲ್ಲಿನ ಮೊದಲ 5 ಪ್ರಶಸ್ತಿಗಳಲ್ಲಿಯೂ ಡಿಕ್ ಫಿಟ್ಜ್‌ಜೆರಾಲ್ಡ್ ಅವರ ಪಾಲಿದೆ.

ಅವರ ಆಟವನ್ನು ಕಣ್ಣಾರೆ ಕಂಡವರು ಇಂದು ಯಾರೂ ಉಳಿದಿಲ್ಲ. ಗಾಳಿಯಲ್ಲಿ ಬಾಗಿ ಬರುತ್ತಿದ್ದ ಅವರ ಚೆಂಡಿನ ದೃಶ್ಯವನ್ನು ನೋಡಲು ಚಲನಚಿತ್ರದ ಸೌಕರ್ಯವೂ ಇಂದಿನಂತೆ ಇರಲಿಲ್ಲ. ಆದರೆ ಡಬ್ಲಿನ್‌ನ ಮೈದಾನ, ಕಿಲ್ಲಾರ್ನಿಯ ಕ್ರೀಡಾಂಗಣ ಮತ್ತು ಒಂದು ಸಣ್ಣ ಕೈಪಿಡಿ ಉಳಿದಿವೆ. ಆಟದಿಂದ ಒಂದು ಪೈಸೆಯ ವೇತನವನ್ನೂ ಪಡೆಯದ ವ್ಯಕ್ತಿಯ ಜೀವನದ ಲೆಕ್ಕವನ್ನು ಬರೆದರೆ, ಜಮೆಯ ಕಡೆಗೆ ಇವು ನಿಲ್ಲುತ್ತವೆ.

ಜೀವನದ ಪ್ರಮುಖ ಘಟ್ಟಗಳು

1880ರ ದಶಕ: ಕೆರಿ ಕೌಂಟಿಯ ಕಿಲ್ಲಾರ್ನಿಯಲ್ಲಿ ಜನನ
1905: 1903ನೇ ಸಾಲಿನ ಅಖಿಲ ಐರ್ಲೆಂಡ್ ಪ್ರಶಸ್ತಿ, ಕೆರಿಗೆ ಇದು ಮೊದಲನೆಯದು
1906: 1904ನೇ ಸಾಲಿನ ಪ್ರಶಸ್ತಿ
1909: ಮೂರನೇ ಪ್ರಶಸ್ತಿ
1910: ರೈಲ್ವೆ ವಿವಾದ, ಅಂತಿಮ ಪಂದ್ಯ ಆಡದಿರುವ ನಿರ್ಧಾರ
1913: ಕ್ರೋಕ್ ಸ್ಮಾರಕ ಪಂದ್ಯಾವಳಿಯಲ್ಲಿ ಜಯ, ನಾಯಕರಾಗಿ ಅಖಿಲ ಐರ್ಲೆಂಡ್ ಪ್ರಶಸ್ತಿ
1914: ನಾಯಕರಾಗಿ ಎರಡನೇ ಪ್ರಶಸ್ತಿ, ಕೈಪಿಡಿಯ ಪ್ರಕಟಣೆ
1915: ಅಂತಿಮ ಪಂದ್ಯದಲ್ಲಿ ವೆಕ್ಸ್‌ಫರ್ಡ್ ಎದುರು ಸೋಲು
1916: ಬಂಧನ, ಫ್ರಾಂಗಾಕ್ ಶಿಬಿರ
1930, ಸೆಪ್ಟೆಂಬರ್ 26: ನಿಧನ
1936, ಮೇ 31: ಕಿಲ್ಲಾರ್ನಿಯಲ್ಲಿ ಫಿಟ್ಜ್‌ಜೆರಾಲ್ಡ್ ಕ್ರೀಡಾಂಗಣದ ಉದ್ಘಾಟನೆ